ಪ್ರಳಯಮಧ್ಯದಲ್ಲಿ ಶೃಂಗಾರ: ‘ಸಂಸ್ಕಾರ’ ಚಲಚ್ಚಿತ್ರವನ್ನು ಕುರಿತು ಒಂದು ರಸವಿಚಾರ

ಕಳೆದ ವರ್ಷ ಪಾಂಡವಪುರದಲ್ಲಿ ಕೆಲವು ಮಂದಿ ಸಾಹಿತ್ಯಾಧ್ಯಾಪಕರು ತಮ್ಮ ವಿದ್ಯಾರ್ಥಿಗಳಿಗೆ ‘ಸಂಸ್ಕಾರ’ ಚಲಚ್ಚಿತ್ರವನ್ನು ತೋರಿಸಿ, ಅದರ ವಿಷಯವಾಗಿ ನಾಲ್ಕು ಮಾತನಾಡಬೇಕೆಂದು ನನ್ನನ್ನು ಕರೆದಿದ್ದರು. ಇಪ್ಪತ್ತು ವರ್ಷಗಳಿಂದ ನಾನು ಈ ಕೃತಿಯ ವಿಷಯದಲ್ಲಿ ಹೇಳಿಕೊಂಡು ಬಂದಿದ್ದ ಅಭಿಪ್ರಾಯವನ್ನೇ ಅಂದೂ ಹೇಳಿದೆನು: ಕಾಡಿನಲ್ಲಿ ಪ್ರಾಣೇಶಾಚಾರ್ಯನಿಗೂ ಚಂದ್ರಿಗೂ ಆಗುವ ಸಮಾಗಮವು ಅನೌಚಿತ್ಯದಿಂದ ಕೂಡಿದ್ದಾದುದರಿಂದ ಅಲ್ಲಿರುವುದು ಶೃಂಗಾರವಲ್ಲ, ರಸಾಭಾಸವೆಂದು. ಅಷ್ಟರಲ್ಲಿ ಕೃಷ್ಣರಾಜಪೇಟೆಯ ಕಡೆಯ ಒಬ್ಬ ವಿದ್ಯಾರ್ಥಿನಿಯು ಎದ್ದು ನಿಂತು, “ಗುರುಗಳೇ, ಹೆಣ ಇನ್ನೂ ಮನೆಯಲ್ಲೇ ಕೊಳೆಯುತ್ತಾ ಇದೆಯಲ್ಲ, ಊರಿನಲ್ಲಿ ಇಲಿ ಬೀಳುತ್ತಾ ಇದೆಯಲ್ಲ, ಇಂಥ ಹೊತ್ತಿನಲ್ಲಿ ಪ್ರೇಮ ಎಲ್ಲಿಂದ ಬಂತು?” ಎಂದು ಕೇಳಿದಳು. ನಾನು ಮಾಡಿದ ಆಕ್ಷೇಪಕ್ಕಿಂತ ಈ ಪ್ರಶ್ನೆಯು ಆಳವಾದುದು. ನಾನು ವಿಚಾರಿಸಿದ್ದು ಪಾತ್ರಗಳ ಕುಲಶೀಲಗಳ ಅನೌಚಿತ್ಯವನ್ನು. ಆಕೆ ವಿಚಾರಿಸಿದ್ದು ಕಾಲದ ಅನೌಚಿತ್ಯವನ್ನು. ಅಂದು ಸಮರ್ಪಕವಾದ ಉತ್ತರವನ್ನು ಕೊಡಲಾಗಲಿಲ್ಲ. ಅನಂತರ ಚಿತ್ರವನ್ನು ಮತ್ತೆರಡು ಬಾರಿ ನೋಡಿ, ಶಾಸ್ತ್ರಗ್ರಂಥಗಳನ್ನು ತಿರುವಿ, ನನ್ನ ಹಳೆಯ ಅಭಿಪ್ರಾಯವನ್ನು ತಿದ್ದಿಕೊಳ್ಳಬೇಕಾಗಿ ಬಂದುದರಿಂದ ಈ ಲೇಖನವನ್ನು ಸಹೃದಯರ ಮುಂದಿಡುತ್ತಿದ್ದೇನೆ.

ವಿದ್ಯಾರ್ಥಿನಿಯ ಪ್ರಶ್ನೆಯು ಹೊಸದಲ್ಲ. ಭಟ್ಟನಾರಾಯಣನ ‘ವೇಣೀಸಂಹಾರ’ದ ಎರಡನೆಯ ಅಂಕದಲ್ಲಿ, ಕುರುಕ್ಷೇತ್ರದಲ್ಲಿ ವೀರರು ಒಬ್ಬೊಬ್ಬರಾಗಿ ಬೀಳುತ್ತಿರುವ ಸಮಯದಲ್ಲಿ ದುರ್ಯೋಧನನು ಭಾನುಮತಿಯೊಡನೆ ಸಲ್ಲಾಪದಲ್ಲಿ ತೊಡಗುತ್ತಾನೆ. ನಮ್ಮ ಆಲಂಕಾರಿಕರು ಇದನ್ನು ಕ್ಷಮಿಸಲಿಲ್ಲ. ಮಮ್ಮಟನು ರಸದೋಷಗಳನ್ನು ಎಣಿಸುವಾಗ ‘ಅಕಾಂಡೇ ಪ್ರಥನ’ವೆಂಬ ದೋಷಕ್ಕೆ, ಎಂದರೆ ಹೊತ್ತಲ್ಲದ ಹೊತ್ತಿನಲ್ಲಿ ರಸವನ್ನು ವಿಸ್ತರಿಸುವುದಕ್ಕೆ, ಈ ಸ್ಥಳವನ್ನೇ ಉದಾಹರಣೆಯಾಗಿ ಹಿಡಿದನು. ಹೆಣಗಳ ನಡುವೆ ಶೃಂಗಾರವೇಕೆಂದು ಮಮ್ಮಟನು ಕೇಳಿದ್ದನ್ನೇ ನಮ್ಮ ವಿದ್ಯಾರ್ಥಿನಿಯೂ ಕೇಳಿದಳು. ಆಕೆ ‘ಕಾವ್ಯಪ್ರಕಾಶ’ವನ್ನು ಓದಿದವಳಲ್ಲ.

ಇಂದು ಈ ಪ್ರಶ್ನೆಗೆ ವಿಶೇಷವಾದ ಅವಕಾಶವುಂಟು. ಪಾಶ್ಚಾತ್ಯ ದೇಶಗಳಲ್ಲಿಯೂ ಕೊರಿಯಾ ಮುಂತಾದ ಪೂರ್ವದೇಶಗಳಲ್ಲಿಯೂ ಪ್ರಳಯಾನಂತರದ ಭಯಾನಕ ಚಿತ್ರಗಳೆಂಬ ಒಂದು ಜಾತಿಯೇ ಬೆಳೆದು ನಿಂತಿದೆ. ಮಹಾಮಾರಿಯೊಂದು ಹಬ್ಬಿ ರಾಜ್ಯವೂ ನ್ಯಾಯವೂ ಕುಸಿದುಬೀಳುತ್ತವೆ. ಸತ್ತವರೋ ಸತ್ತಂತಾದವರೋ ಬದುಕಿರುವವರನ್ನು ಅಟ್ಟಿಕೊಂಡು ಬರುತ್ತಾರೆ. ಉಳಿದ ಕೆಲವರು ಅನ್ನಕ್ಕೂ ನೆಲೆಗೂ ಅಲೆಯುತ್ತಾರೆ. ಅವರಲ್ಲಿ ಇಬ್ಬರಿಗೆ ಪರಸ್ಪರ ಅನುರಾಗವುಂಟಾಗುತ್ತದೆ. ಇಂಥ ಚಿತ್ರಗಳನ್ನು ಪಂಡಿತರು ನೋಡುವುದುಂಟೇ ಎಂದು ಕೆಲವರು ನಗಬಹುದು. ಪಿಶಾಚಗಳು ಹೆಣಗಳನ್ನು ಕಿತ್ತು ತಿನ್ನುವುದನ್ನು ಭವಭೂತಿಯಲ್ಲಿ ಭಕ್ತಿಯಿಂದ ಓದಿ ಪಾಠಹೇಳುವವನು ಇವುಗಳನ್ನು ನೋಡಲು ನಾಚಬೇಕಾಗಿಲ್ಲ. ಡ್ಯಾನಿ ಬಾಯ್ಲ್ ಎಂಬವರ ‘ಟ್ವೆಂಟಿ ಎಯ್ಟ್ ಡೇಸ್ ಲೇಟರ್’ (2002) ಎಂಬ ಚಿತ್ರವು ಈ ಜಾತಿಯಲ್ಲಿ ಉತ್ತಮವಾದುದು. ಲಂಡನ್ ನಗರದ ಆಸ್ಪತ್ರೆಯಲ್ಲಿ ಪ್ರಜ್ಞೆ ತಪ್ಪಿ ಮಲಗಿದ್ದ ಜಿಮ್ ಎಂಬ ಯುವಕನು ಎಚ್ಚತ್ತು ನೋಡುವ ವೇಳೆಗೆ ನಗರವು ಬರಿದಾಗಿದೆ; ಕ್ರೋಧರೂಪವಾದ ರೋಗವೊಂದು ಜನರನ್ನು ಮೃಗಗಳನ್ನಾಗಿ ಮಾಡಿದೆ. ಅವನಿಗೆ ಜೊತೆಯಾಗುವ ಸೆಲೀನಾ ಎಂಬವಳು, ತನ್ನ ಸಂಗಡಿಗನಿಗೆ ರೋಗ ತಗುಲಿತೆಂದು ತಿಳಿದ ಕ್ಷಣದಲ್ಲಿಯೇ ಅವನನ್ನು ಕತ್ತಿಯಿಂದ ಕಡಿದುಹಾಕಿದವಳು. ಜಿಮ್‌ನಿಗೆ ರೋಗ ಬಂದರೂ ಒಂದು ಹೃದಯಸ್ಪಂದನದಷ್ಟು ಕಾಲವೂ ತಡೆಯೆನೆಂದು ಹೇಳಿದವಳು. ಚಿತ್ರದ ಕೊನೆಯ ಭಾಗದಲ್ಲಿ ರಕ್ತಸಿಕ್ತನಾಗಿ ಉನ್ಮತ್ತನಂತೆ ಎದುರಿಗೆ ಬಂದ ಜಿಮ್‌ನನ್ನು ಕಂಡು ಕತ್ತಿಯನ್ನೆತ್ತುತ್ತಾಳೆ. ಎತ್ತಿದ ಕೈ ತಡೆಯುತ್ತದೆ. ಆ ಒಂದು ತಡೆಯೇ ಅವಳ ರತಿಗೆ ಅನುಭಾವ. ಕಟಾಕ್ಷವಿಲ್ಲ, ರೋಮಾಂಚವಿಲ್ಲ, ಮಾತಿಲ್ಲ; ಏಟು ಬೀಳದಿರುವುದೇ ಪ್ರೇಮದ ಚಿಹ್ನೆ. ಭರತಮುನಿಯ ಪಟ್ಟಿಯಲ್ಲಿ ಇಂಥ ಅನುಭಾವವಿಲ್ಲವಾದರೂ, ಇದು ಅನುಭಾವವಲ್ಲವೆಂದು ಯಾವ ಸಹೃದಯನು ಹೇಳಿಯಾನು?

ಕನ್ನಡದಲ್ಲಿ ಈ ಜಾತಿಯ ಚಿತ್ರವೆಲ್ಲಿದೆಯೆಂದು ಕೇಳಿದರೆ ನಾನು ‘ಸಂಸ್ಕಾರ’ವನ್ನು ತೋರಿಸುವೆನು. ಅನಂತಮೂರ್ತಿಯವರ ಕಾದಂಬರಿಯು 1965ರಲ್ಲಿ ಪ್ರಕಟವಾಯಿತು. ಪಟ್ಟಾಭಿರಾಮರೆಡ್ಡಿಯವರ ಚಿತ್ರವು 1970ರಲ್ಲಿ, ಮೊದಲು ಸೆನ್ಸಾರಿನವರ ನಿಷೇಧಕ್ಕೆ ಒಳಗಾಗಿ, ಅನಂತರ ಬಿಡುಗಡೆ ಹೊಂದಿ, ಆ ವರ್ಷದ ರಾಷ್ಟ್ರದ ಅತ್ಯುತ್ತಮ ಚಿತ್ರವೆಂಬ ಪ್ರಶಸ್ತಿಯನ್ನು ಪಡೆಯಿತು. ಗಿರೀಶ ಕಾರ್ನಾಡರು ಪ್ರಾಣೇಶಾಚಾರ್ಯರಾಗಿಯೂ, ಸ್ನೇಹಲತಾ ರೆಡ್ಡಿಯವರು ಚಂದ್ರಿಯಾಗಿಯೂ, ಲಂಕೇಶರು ನಾರಣಪ್ಪನಾಗಿಯೂ ಅಭಿನಯಿಸಿದ್ದಾರೆ. ಟಾಮ್ ಕೋವನ್ ಎಂಬ ಆಸ್ಟ್ರೇಲಿಯಾದ ಛಾಯಾಗ್ರಾಹಕರು ಶೃಂಗೇರಿಯ ಸಮೀಪದ ವೈಕುಂಠಪುರದಲ್ಲಿ ಕಪ್ಪುಬಿಳುಪಿನಲ್ಲಿ ತೆಗೆದ ಚಿತ್ರವಿದು. ಇದನ್ನು ಸಾಮಾನ್ಯವಾಗಿ ಬ್ರಾಹ್ಮಣ್ಯದ ವಿಮರ್ಶೆಯೆಂದು ಓದುವುದು ವಾಡಿಕೆ. ಅದು ತಪ್ಪಲ್ಲ. ಆದರೆ ಆ ಚರ್ಚೆಯ ಗದ್ದಲದಲ್ಲಿ, ಇದೊಂದು ಊರು ಸಾಯುವ ಕಥೆಯೆಂಬುದನ್ನು ನಾವೆಲ್ಲರೂ ಮರೆತೆವು.

ನಮ್ಮ ಸೀಮೆಯ ಹಿರಿಯರು ಮರೆತಿರಲಿಲ್ಲ. ಮೈಸೂರು ಸಂಸ್ಥಾನಕ್ಕೆ ಪ್ಲೇಗು 1898ರಲ್ಲಿ ಕಾಲಿಟ್ಟ ಮೇಲೆ ಅನೇಕ ದಶಕಗಳವರೆಗೆ ಅದು ಮರಳಿ ಮರಳಿ ಬರುತ್ತಲೇ ಇದ್ದಿತು. ನಾಗಮಂಗಲದ ಕಡೆಯವರಾದ ನಮ್ಮ ಅಜ್ಜಿಯವರ ಬಾಯಲ್ಲಿ “ಇಲಿ ಬಿತ್ತು” ಎಂಬ ಎರಡು ಮಾತಿಗೆ ಒಂದು ಪೂರ್ತಿ ಪ್ರಳಯದ ಅರ್ಥವಿತ್ತು: ಮನೆಗೆ ಬೀಗಹಾಕಿ, ಕಾಳುಕಡ್ಡಿ ಕಟ್ಟಿಕೊಂಡು, ಹೊಲದಲ್ಲಿ ಗುಡಿಸಲು ಹಾಕಿಕೊಂಡು, ಹಿಂದಿರುಗಿದ ಮೇಲೆ ಯಾರ ಮನೆಯ ಬೀಗವನ್ನು ಯಾರು ತೆಗೆಯುವರೆಂದು ಎಣಿಸುವುದು. ಹಲವು ಊರುಗಳಲ್ಲಿ ಇಂದಿಗೂ ಪ್ಲೇಗಮ್ಮನಿಗೆ ಪೂಜೆಯುಂಟು. ಚಿತ್ರದಲ್ಲಿಯೂ ಇದೇ ಕ್ರಮವಿದೆ. ಶಿವಮೊಗ್ಗೆಗೆ ಹೋಗಿಬಂದ ನಾರಣಪ್ಪನು ಜ್ವರದಿಂದಲೂ ಗೆಡ್ಡೆಯಿಂದಲೂ ಸಾಯುತ್ತಾನೆ. ಆಚಾರಗಳನ್ನೆಲ್ಲ ತೊರೆದು ಚಂದ್ರಿಯೊಡನೆ ಬದುಕಿದವನ ಹೆಣವನ್ನು ಯಾರು ಸಂಸ್ಕರಿಸಬೇಕೆಂಬುದು ನಿಶ್ಚಯವಾಗದು. ಹೆಣವೆತ್ತುವವರೆಗೆ ಅಗ್ರಹಾರಕ್ಕೆ ಅನ್ನವಿಲ್ಲ. ಇಲಿಗಳು ಬೀಳುತ್ತವೆ, ಸೂರುಗಳ ಮೇಲೆ ಹದ್ದುಗಳು ಬಂದು ಕುಳಿತುಕೊಳ್ಳುತ್ತವೆ, ಅವುಗಳನ್ನು ಓಡಿಸಲು ಶಂಖ ಜಾಗಟೆಗಳು ಮೊಳಗುತ್ತವೆ. ದೇವರ ಪೂಜೆಗೆ ಮೀಸಲಾದ ನಾದವು ಹದ್ದನ್ನು ಅಟ್ಟುವುದಕ್ಕೆ ಬಳಕೆಯಾಗುವ ಈ ಸನ್ನಿವೇಶದಲ್ಲಿ ಭಯಾನಕಬೀಭತ್ಸಗಳೆರಡೂ ಒಂದೇ ಪೆಟ್ಟಿಗೆ ಸಿದ್ಧಿಸಿವೆ. ಹೊರದೇಶದ ಚಿತ್ರಗಳಲ್ಲಿ ಹೆಣಗಳು ಎದ್ದು ಓಡುತ್ತವೆ. ಇಲ್ಲಿ ಹೆಣವು ಮಲಗಿದಲ್ಲಿಯೇ ಮಲಗಿದೆ, ಓಡುತ್ತಿರುವವರು ಬದುಕಿರುವವರು.

ಇನ್ನು ಶಾಸ್ತ್ರವೇನು ಹೇಳುತ್ತದೆ? ಶೃಂಗಾರಕ್ಕೂ ಬೀಭತ್ಸಕ್ಕೂ ವಿರೋಧವೆಂದು ಧ್ವನ್ಯಾಲೋಕದ ಮೂರನೆಯ ಉದ್ಯೋತವು ಹೇಳುತ್ತದೆ. ಸಾಹಿತ್ಯದರ್ಪಣಕಾರನು ಇನ್ನೂ ಬಿಗಿಮಾಡಿ, ಕರುಣ ರೌದ್ರ ವೀರ ಭಯಾನಕಗಳನ್ನೂ ಶೃಂಗಾರಕ್ಕೆ ವಿರೋಧಿಗಳೆಂದು ಎಣಿಸುತ್ತಾನೆ. ಆದರೆ ಆನಂದವರ್ಧನನು ವಿರೋಧವನ್ನು ಹೇಳಿ ಸುಮ್ಮನಾದವನಲ್ಲ, ಪರಿಹಾರಗಳನ್ನೂ ಹೇಳಿದನು. ವಿರುದ್ಧರಸಗಳಿಗೆ ಆಶ್ರಯವನ್ನು ಬೇರೆಮಾಡಬಹುದು. ಎರಡರ ನಡುವೆ ಇಬ್ಬರಿಗೂ ಸಲ್ಲುವ ಮೂರನೆಯ ರಸವೊಂದನ್ನು ಇಡಬಹುದು. ಒಂದನ್ನು ಮತ್ತೊಂದಕ್ಕೆ ಅಂಗವಾಗಿಸಬಹುದು. ರಣದಲ್ಲಿ ಮಡಿದ ವೀರರು ವಿಮಾನದಲ್ಲಿ ಅಪ್ಸರೆಯರ ಆಲಿಂಗನದಲ್ಲಿದ್ದುಕೊಂಡು, ಕೆಳಗೆ ಧೂಳಿನಲ್ಲಿ ನರಿಗಳಿಗೆ ಸಿಕ್ಕಿದ ತಮ್ಮ ದೇಹಗಳನ್ನೇ ನೋಡುವ ಪ್ರಸಿದ್ಧವಾದ ಚಿತ್ರವನ್ನು ಅವನು ಎರಡನೆಯ ಪರಿಹಾರಕ್ಕೆ ಕೊಟ್ಟಿದ್ದಾನೆ: ಶೃಂಗಾರಬೀಭತ್ಸಗಳ ನಡುವೆ ವೀರವು ನಿಂತಿರುವುದರಿಂದ ವಿರೋಧವು ತಟ್ಟದು. ‘ಮಾಲತೀಮಾಧವ’ದ ಐದನೆಯ ಅಂಕವೂ ಹೀಗೆಯೇ. ನಿರಾಶನಾಗಿ ಶ್ಮಶಾನದಲ್ಲಿ ಪಿಶಾಚಗಳಿಗೆ ನರಮಾಂಸವನ್ನು ಮಾರಲು ಹೋದ ಮಾಧವನು ಮಾಲತಿಯ ಕೂಗನ್ನು ಕೇಳಿ, ಚಾಮುಂಡೆಗೆ ಬಲಿಯಾಗಲಿದ್ದ ಅವಳನ್ನು ಅಘೋರಘಂಟನ ಕೈಯಿಂದ ಬಿಡಿಸುತ್ತಾನೆ. ಅಲ್ಲಿ ಹೆಣಗಳು ಪ್ರೇಮಕ್ಕೆ ಒರೆಗಲ್ಲಾಗಿವೆ, ಉತ್ಸಾಹವು ಸೇತುವೆಯಾಗಿದೆ. ಇಂದಿನ ಭಯಾನಕ ಚಿತ್ರಗಳಲ್ಲಿ ಹೆಚ್ಚಿನವು ಅರಿಯದೆಯೇ ಭವಭೂತಿಯ ಈ ದಾರಿಯನ್ನು ಹಿಡಿದಿವೆ. ‘ಟ್ರೇನ್ ಟು ಬುಸಾನ್’ (2016) ಎಂಬ ಕೊರಿಯಾದ ಚಿತ್ರದಲ್ಲಿ ಗರ್ಭಿಣಿಯಾದ ಹೆಂಡತಿಯು ಪಾರಾಗಲೆಂದು ರೈಲುಗಾಡಿಯ ಬಾಗಿಲಿಗೆ ತನ್ನ ಮೈಯನ್ನೇ ಅಗುಳಿಯಾಗಿ ಕೊಟ್ಟ ಗಂಡನಲ್ಲಿಯೂ ರತಿಯು ವೀರದ ಮೂಲಕವೇ ತೋರುತ್ತದೆ. ಪಾಂಡವಪುರದವರಿಗೆ ಇನ್ನೂ ಹತ್ತಿರದ ಉದಾಹರಣೆ ಬೇಕಾದರೆ ಕುಂತಿಬೆಟ್ಟದ ಕಡೆ ನೋಡಬಹುದು. ಪಾಂಡವರು ಅಲ್ಲಿದ್ದರೆಂಬ ಐತಿಹ್ಯದಿಂದಲೇ ಊರಿಗೆ ಆ ಹೆಸರು. ಅರಗಿನ ಮನೆಯು ಉರಿದ ಮೇಲೆ ಕಾಡುಪಾಲಾದವರನ್ನು ತಿನ್ನಲು ಅಣ್ಣನು ಕಳುಹಿಸಿದ ಹಿಡಿಂಬೆಯು ಭೀಮನಲ್ಲಿ ಅನುರಕ್ತಳಾದಳಷ್ಟೆ; ತಿನ್ನಬಂದವಳು ಒಲಿದ ಕಥೆಗೆ ಇದಕ್ಕಿಂತ ಹಳೆಯದು ನಮ್ಮಲ್ಲಿ ಯಾವುದಿದೆ?

‘ಸಂಸ್ಕಾರ’ದಲ್ಲಿ ವೀರವಿಲ್ಲ. ಕಾಡಿನ ಪ್ರಸಂಗವನ್ನು ನೋಡೋಣ. ಧರ್ಮಶಾಸ್ತ್ರದಲ್ಲಿ ಉತ್ತರವನ್ನು ಕಾಣದೆ, ಮಾರುತಿಯ ಗುಡಿಯಲ್ಲಿ ಪ್ರಸಾದವನ್ನು ಬೇಡಿ, ದೇವರೂ ಮೌನವಾಗಿರಲು, ಹಸಿದು ಸೋತು ಕತ್ತಲಲ್ಲಿ ಹಿಂದಿರುಗುವ ಆಚಾರ್ಯನ ಕಾಲಿಗೆ ಚಂದ್ರಿಯು ಬೀಳುತ್ತಾಳೆ. ಆಲಂಬನವುಂಟು, ಉದ್ದೀಪನವೆಲ್ಲಿ? ಊರಿನಲ್ಲಿ ಹೆಣ, ಹೊಟ್ಟೆಯಲ್ಲಿ ಹಸಿವು. ಆಚಾರ್ಯನಲ್ಲಿ ಮೊದಲು ಹುಟ್ಟುವುದು ಅನುಕಂಪ. ಗ್ಲಾನಿ, ಶ್ರಮ, ದೈನ್ಯ, ಮೋಹ ಎಂಬ ಸಂಚಾರಿಗಳು ಒಂದರ ಮೇಲೊಂದು ಬರುತ್ತವೆ. ರತಿಯೆಂಬ ಸ್ಥಾಯಿಯು ನೆಲೆಗೊಳ್ಳುವುದಕ್ಕೆ ಹಿಂದೆ ಮುಂದೆ ಯಾವ ಆಧಾರವೂ ಇಲ್ಲ. ಎಚ್ಚತ್ತ ಮೇಲೆ ಅವನಿಗೆ ಉಳಿಯುವುದು ಅವಳ ನೆನಪಿಗಿಂತ ಮಿಗಿಲಾಗಿ ತನ್ನ ವಿಷಯದ ಚಿಂತೆ. ಆದುದರಿಂದ ಅದು ಪೂರ್ಣವಾದ ಶೃಂಗಾರವಲ್ಲವೆಂಬ ನನ್ನ ಹಿಂದಿನ ಮಾತನ್ನು ಇಂದೂ ಬಿಡಲಾರೆ. ಆದರೆ ಅದಕ್ಕೆ ಕಾರಣವೆಂದು ಚಂದ್ರಿಯ ಕುಲವನ್ನು ಹೇಳಿದ್ದು ತಪ್ಪು. ಕಾರಣವು ಆಚಾರ್ಯನ ಚಿತ್ತದಲ್ಲಿದೆ. ಇದಕ್ಕಿಂತಲೂ ದೊಡ್ಡ ತಪ್ಪು ಮತ್ತೊಂದು: ಈ ಚಿತ್ರದ ಪ್ರೇಮಕಥೆಯನ್ನು ನಾನು ಕಾಡಿನಲ್ಲಿ ಹುಡುಕಿದೆನು. ಅದು ಇದ್ದುದು ಅಗ್ರಹಾರದೊಳಗೆ, ಯಾರೂ ಕಾಲಿಡದ ಆ ಹೆಣದ ಮನೆಯಲ್ಲಿ.

ಚಂದ್ರಿಯು ಪ್ರೀತಿಸಿದ್ದು ನಾರಣಪ್ಪನನ್ನು. ಮೊದಲ ದಿನವೇ ತನ್ನ ಮೈಮೇಲಿನ ಚಿನ್ನವನ್ನು ಬಿಚ್ಚಿ, ಸಂಸ್ಕಾರದ ವೆಚ್ಚಕ್ಕೆಂದು ಆಚಾರ್ಯನ ಮುಂದೆ ಇಡುತ್ತಾಳೆ. ಸಾಮಾನ್ಯನಾಯಿಕೆಯ ಅನುರಾಗವು ಧನದಲ್ಲಿ ನಿಂತದ್ದೆಂದು ಲಕ್ಷಣಕಾರರು ಹೇಳುವರು. ನಿಜವಾಗಿ ಅನುರಕ್ತಳಾದವಳಿಗೆ ವಸಂತಸೇನೆಯು ಉದಾಹರಣೆ. ವಸಂತಸೇನೆಯು ಪ್ರಿಯನ ಮಗುವಿನ ಮಣ್ಣಿನ ಬಂಡಿಯಲ್ಲಿ ಒಡವೆಗಳನ್ನು ತುಂಬಿದಳು. ಚಂದ್ರಿಯು ಪ್ರಿಯನ ಚಿತೆಗೆಂದು ಇಟ್ಟಳು. ಆ ಚಿನ್ನವು ಬ್ರಾಹ್ಮಣರಲ್ಲಿ ಹುಟ್ಟಿಸಿದ್ದು ಲೋಭವನ್ನು. ಕಾಡಿನಿಂದ ಹಿಂದಿರುಗಿದ ರಾತ್ರಿ, ಆಚಾರ್ಯನು ತಪ್ಪೊಪ್ಪಿಕೊಳ್ಳುವನೋ ಇಲ್ಲವೋ ಎಂದು ಅವಳು ಕಾಯುವುದಿಲ್ಲ. ಗಾಡಿಯವನೊಬ್ಬನು ಒಲ್ಲೆನೆಂದ ಮೇಲೆ, ಹಿಂದೆ ನಾರಣಪ್ಪನಿಂದ ಉಪಕಾರ ಹೊಂದಿದ ಮೀನಿನ ವ್ಯಾಪಾರಿ ಅಹಮದ್ ಬ್ಯಾರಿಯ ನೆರವಿನಿಂದ ಹೆಣವನ್ನು ಸಾಗಿಸಿ ಸುಟ್ಟು, ಕುಂದಾಪುರದ ದಾರಿ ಹಿಡಿಯುತ್ತಾಳೆ. ಮಂತ್ರವಿಲ್ಲ, ದರ್ಭೆಯಿಲ್ಲ. ಊರಿನ ಪಂಡಿತರೆಲ್ಲ ಸೇರಿ ಮಾಡಲಾರದ ಕಾರ್ಯವನ್ನು ಆಕೆ ಒಂದು ರಾತ್ರಿಯಲ್ಲಿ ಮುಗಿಸಿದಳು. ಅಗ್ರಹಾರಕ್ಕೆ ಅದು ತಿಳಿಯಲೇ ಇಲ್ಲ. ಇಲ್ಲದ ಹೆಣದ ಸಂಸ್ಕಾರದ ಪ್ರಶ್ನೆಯನ್ನು ಹೊತ್ತುಕೊಂಡು ಬ್ರಾಹ್ಮಣರು ಊರೂರು ಅಲೆಯುತ್ತಾರೆ.

ಇಲ್ಲಿ ರಸವಾವುದು? ಪ್ರಿಯನು ಸತ್ತ ಮೇಲೆ ಪುನಸ್ಸಮಾಗಮದ ಆಶೆಯಿದ್ದರೆ ಮಾತ್ರ ಕರುಣವಿಪ್ರಲಂಭ; ಬಾಣನ ಮಹಾಶ್ವೇತೆಗೆ ಆಕಾಶವಾಣಿಯು ಆ ಆಶೆಯನ್ನು ಕೊಟ್ಟಿತು. ಚಂದ್ರಿಗೆ ಯಾವ ವಾಣಿಯೂ ಕೇಳಿಸಲಿಲ್ಲ. ಆದುದರಿಂದ ಪ್ರಧಾನವು ಕರುಣವೇ. ಅದಕ್ಕೆ ಶೃಂಗಾರವು ಅಂಗ. ಇದಕ್ಕೆ ಸಾಕ್ಷಾತ್ತಾದ ನಿದರ್ಶನವು ಸ್ತ್ರೀಪರ್ವದಲ್ಲಿದೆ: ರಣರಂಗದಲ್ಲಿ ಬಿದ್ದಿದ್ದ ಭೂರಿಶ್ರವಸ್ಸಿನ ಕತ್ತರಿಸಿದ ಕೈಯನ್ನು ಅವನ ಹೆಂಡತಿಯು ಮಡಿಲಲ್ಲಿಟ್ಟುಕೊಂಡು, ಆ ಕೈಯು ಬದುಕಿದ್ದಾಗ ತನ್ನೊಡನೆ ಆಡಿದ ಪ್ರಣಯದ ಆಟಗಳನ್ನು ನೆನೆಯುತ್ತಾಳೆ. ಬೀಭತ್ಸದ ವಸ್ತುವೇ ಶೃಂಗಾರದ ಸ್ಮರಣೆಗೆ ಕಾರಣವಾಗಿ, ಎರಡೂ ಸೇರಿ ಶೋಕವನ್ನು ಇಮ್ಮಡಿಸುತ್ತವೆ; ವಿರೋಧವು ದೋಷವಾಗುವುದಿಲ್ಲ, ಪೋಷಕವಾಗುತ್ತದೆ. ಉಳಿದವರಿಗೆ ಅದು ಕೊಳೆತ ಹೆಣ, ಮೈಲಿಗೆ, ಹಸಿವಿನ ಕಾರಣ. ಚಂದ್ರಿಯೊಬ್ಬಳಿಗೆ ಅದು ಅವನು. ಒಂದೇ ವಿಭಾವವು ಒಂದೂರಿಗೆ ಜುಗುಪ್ಸೆಯನ್ನೂ ಒಬ್ಬಳಿಗೆ ಶೋಕವನ್ನೂ ಕೊಡುವುದರಿಂದ ಆಶ್ರಯಭೇದವೂ ಸಿದ್ಧಿಸಿತು. ಆನಂದವರ್ಧನನ ಎರಡು ಪರಿಹಾರಗಳು ಒಂದೇ ಸನ್ನಿವೇಶದಲ್ಲಿ ಕೂಡಿಬಂದ ಉದಾಹರಣೆ ನನಗೆ ಬೇರೆ ತೋರಿಲ್ಲ. ಭಾನುಮತಿಯ ಅಂಕದಲ್ಲಿ ಪ್ರೇಮವು ಹೆಣಗಳನ್ನು ಮರೆತುದರಿಂದ ದೋಷವಾಯಿತು. ಇಲ್ಲಿ ಪ್ರೇಮವು ಹೆಣವೊಂದನ್ನು ಹೊರುವುದೇ ಆಗಿದೆ. ಇದು ಅಕಾಂಡವಾದೀತು ಹೇಗೆ? ವಿದ್ಯಾರ್ಥಿನಿಯ ಪ್ರಶ್ನೆಗೆ ನನ್ನ ಉತ್ತರವು ಇಷ್ಟೇ.

ಗ್ರೀಕರು ಇದನ್ನು ಬಲ್ಲರು. ಸಾಫೋಕ್ಲೀಸನ ‘ಏಜಾಕ್ಸ್’ ನಾಟಕದ ಉತ್ತರಾರ್ಧವೆಲ್ಲ ಹೆಣವೊಂದಕ್ಕೆ ಸಂಸ್ಕಾರ ಸಲ್ಲಬೇಕೇ ಬೇಡವೇ ಎಂಬ ವಾದ. ಆ ದೇಹವನ್ನು ಮೊದಲು ಕಂಡು ತನ್ನ ಮೇಲ್ವಸ್ತ್ರವನ್ನು ಹೊದಿಸುವವಳು ಯುದ್ಧದಲ್ಲಿ ಸೆರೆಸಿಕ್ಕಿ ಅವನೊಡನೆ ಬಾಳಿದ ಟೆಕ್ಮೆಸ್ಸಾ. ಈ ನಾಟಕವನ್ನೇ ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಮನೆತನದ ಶ್ರೀಕಂಠಯ್ಯನವರು 1929ರಲ್ಲಿ ‘ಅಶ್ವತ್ಥಾಮನ್’ ಎಂದು ಕನ್ನಡಕ್ಕೆ ಒಗ್ಗಿಸಿದರು. ರುದ್ರನಾಟಕವು ನಮಗೆ ಪರಕೀಯವೆಂದು ಅಂದು ಗೊಣಗಿದ ಪಂಡಿತರ ಸಾಲಿನಲ್ಲಿ ನಾನಿದ್ದಿದ್ದರೆ ನಾನೂ ಗೊಣಗುತ್ತಿದ್ದೆನೆಂದು ತೋರುತ್ತದೆ.

ಕಾದಂಬರಿಗೂ ಚಿತ್ರಕ್ಕೂ ಇರುವ ಒಂದು ವ್ಯತ್ಯಾಸವನ್ನು ಹೇಳಬೇಕು. ಕಾದಂಬರಿಯಲ್ಲಿ ಚಂದ್ರಿಯ ಮನಸ್ಸಿನೊಳಗೆ ಲೇಖಕರು ನಮ್ಮನ್ನು ಕರೆದೊಯ್ಯುತ್ತಾರೆ. ಆಚಾರ್ಯನಂಥ ಪುಣ್ಯಪುರುಷನಿಂದ ಫಲವನ್ನು ಪಡೆಯಬೇಕೆಂಬ, ತಾಯಿಯಿಂದ ಕೇಳಿದ ಮಾತೊಂದು ಅವಳ ಆಶೆಗೆ ಕಾರಣವೆಂದು ಹೇಳುತ್ತಾರೆ. ಇದು ನನಗೆ ಎಂದೂ ರುಚಿಸಿಲ್ಲ. ಚಿತ್ರದಲ್ಲಿ ಆ ಭಾರವನ್ನು ಸ್ನೇಹಲತಾ ರೆಡ್ಡಿಯವರ ಮುಖವು ಹೊತ್ತಿದೆ. ಅವರ ಅಭಿನಯದಲ್ಲಿ ಆಶೆಗಿಂತ ಆಯಾಸವು ಹೆಚ್ಚು ಕಾಣುತ್ತದೆ. ಹೆಣದ ಪಕ್ಕದಲ್ಲಿದ್ದು ಬಂದವಳ ಆಯಾಸ. (ತುರ್ತುಪರಿಸ್ಥಿತಿಯಲ್ಲಿ ಬಂಧಿತರಾಗಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ಅವರು ತೀರಿಕೊಂಡರೆಂಬುದನ್ನು ತಿಳಿದವರಿಗೆ ಆ ಮುಖವನ್ನು ಇಂದು ನೋಡುವುದು ಸುಲಭವಲ್ಲ. ಆದರೆ ಅದು ರಸವಿಚಾರದ ಹೊರಗಿನ ಮಾತು.)

ಗುಣವನ್ನು ಹೇಳಿದ ಮೇಲೆ ದೋಷವನ್ನೂ ಹೇಳಬೇಕು. ಆಚಾರ್ಯನು ಹೆಂಡತಿ ಭಾಗೀರಥಿಯನ್ನು ಸುಟ್ಟು ಊರುಬಿಟ್ಟ ಮೇಲೆ, ಪುಟ್ಟನೆಂಬವನ ಜೊತೆ, ಮೇಳಿಗೆಯ ಜಾತ್ರೆ, ಕೋಳಿಯಂಕ ಎಂದು ಕಥೆಯು ಹರಡಿಕೊಳ್ಳುತ್ತದೆ. ಅಲ್ಲಿ ಆಚಾರ್ಯನ ಭಯವು ತನ್ನ ಗುರುತು ಸಿಕ್ಕೀತೆಂಬುದು ಮಾತ್ರ. ಊರನ್ನು ತಿಂದ ಮಾರಿಯು ಹಿಂದೆ ಸರಿಯುತ್ತದೆ. ಮಮ್ಮಟನು ಹೇಳಿದ ‘ಅಂಗಿಯ ಅನನುಸಂಧಾನ’, ಎಂದರೆ ಪ್ರಧಾನವಾದುದನ್ನೇ ಮರೆಯುವ ದೋಷ, ಇಲ್ಲಿದೆಯೆಂದು ನನ್ನ ಮತ. ಪ್ಲೇಗಿನ ಕಾಲದಲ್ಲಿ ಜಾತ್ರೆ ನಡೆಯಬಾರದೆಂದಲ್ಲ. ಜಾತ್ರೆಯ ನಡುವೆಯೂ ಒಂದು ಇಲಿಯು ಬೀಳಬಹುದಾಗಿತ್ತು. ಅದಕ್ಕಿಂತ ಹೆಚ್ಚಾಗಿ, ಕೃತಿಯ ಏಕಮಾತ್ರ ಸ್ಥಿರಭಾವಕ್ಕೆ ಆಶ್ರಯಳಾದ ಚಂದ್ರಿಯನ್ನು ನಿರ್ದೇಶಕರು ನಡುದಾರಿಯಲ್ಲಿ ಕೈಬಿಟ್ಟರು. ಆಚಾರ್ಯನ ಸಂಶಯಕ್ಕೆ ಕೊಟ್ಟ ಕಾಲದಲ್ಲಿ ಕಾಲುಭಾಗವನ್ನು ಅವಳ ನಿಶ್ಚಯಕ್ಕೆ ಕೊಟ್ಟಿದ್ದರೆ ಚಿತ್ರವು ಇನ್ನೂ ಮೇಲಾಗುತ್ತಿತ್ತು.

ಇಷ್ಟು ಕಾಲ ಕಾಣದಿದ್ದುದು ಈಗ ಕಂಡಿತೇಕೆಂದು ಸ್ನೇಹಿತರೊಬ್ಬರು ಕೇಳಿದರು. ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಅಸ್ಥಿವಿಸರ್ಜನೆಗೆ ಬರುವವರನ್ನು ಬಾಲ್ಯದಿಂದ ನೋಡುತ್ತ ಬಂದವನು ನಾನು. ಹೆಣಕ್ಕೆ ಯಾರಾದರೂ ಇದ್ದೇ ಇರುವರೆಂಬುದು ನನಗೆ ವಿಚಾರಮಾಡಬೇಕಾದ ವಿಷಯವೇ ಆಗಿರಲಿಲ್ಲ. 2021ರ ಜೂನ್ ತಿಂಗಳಲ್ಲಿ, ಕೊರೋನಾದಿಂದ ಸತ್ತು ವಾರಸುದಾರರು ಯಾರೂ ಬಾರದೆ ಉಳಿದ ನೂರಾರು ಮಂದಿಯ ಅಸ್ಥಿಗಳನ್ನು ಸರ್ಕಾರದವರೇ ನಮ್ಮ ಜಿಲ್ಲೆಯ ಬೆಳಕವಾಡಿಯಲ್ಲಿ ಕಾವೇರಿಗೆ ಬಿಟ್ಟರು. ಮಕ್ಕಳಿರುವವರ ಹೆಣಗಳೂ ಅವುಗಳಲ್ಲಿ ಇದ್ದಿರಬೇಕು. ಮುಟ್ಟಲು ಹೆದರಿದವರನ್ನು ನಿಂದಿಸುವ ಅಧಿಕಾರ ನನಗಿಲ್ಲ, ನಾನೂ ಹೆದರಿದವನೇ. ಆ ಬಳಿಕ ಚಂದ್ರಿಯ ರಾತ್ರಿಯನ್ನು ನೋಡಿದಾಗ ಕುಲಗೋತ್ರದ ಪ್ರಶ್ನೆಯು ತಾನಾಗಿಯೇ ಹಿಂದೆ ನಿಂತಿತು.

ಈ ಉತ್ತರವನ್ನು ಬರೆದು ಆ ವಿದ್ಯಾರ್ಥಿನಿಗೆ ಓದಿಹೇಳಿದೆನು. ಆಕೆ ಬಹಳ ಹೊತ್ತು ಯೋಚಿಸಿ, “ಹಾಗಾದರೆ ಗುರುಗಳೇ, ಅಹಮದ್ ಬ್ಯಾರಿಯದು ಯಾವ ಭಾವ? ಅವನು ಪ್ರೇಮಿಯಲ್ಲ, ನೆಂಟನಲ್ಲ, ಅವನ ಮತದಲ್ಲಿ ಹೆಣವನ್ನು ಸುಡುವ ಪದ್ಧತಿಯೂ ಇಲ್ಲವಲ್ಲ” ಎಂದಳು. ದಯಾವೀರವೆಂದು ಹೇಳಿದೆನು. ವೀರವೆನ್ನುವುದಕ್ಕೆ ಅವನು ಅಷ್ಟೊಂದು ಮಾತನ್ನೇ ಆಡಲಿಲ್ಲವಲ್ಲವೆಂದು ಆಕೆ ಒಪ್ಪಲಿಲ್ಲ. ಕೃತಜ್ಞತೆಯನ್ನು ಸ್ಥಾಯಿಯೆಂದು ಎಣಿಸಿದ ಆಲಂಕಾರಿಕರು ಯಾರೂ ನನ್ನ ನೆನಪಿಗೆ ಬಾರದುದರಿಂದ, ಬಲ್ಲವರು ಯಾರಾದರೂ ಮುಂದಿನ ಸಂಚಿಕೆಯಲ್ಲಿ ತಿಳಿಸಿದರೆ ಉಪಕೃತನಾಗುವೆನು.